ಹೊಸ ಟಿವಿಯಲ್ಲಿ ಸುನಂದಾಳ ರಂಗೋಲಿ

ಸೊಟ್ಟಗಿರುವುದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬೀಗರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರು ನೆಟ್ಟಗೆ ಮಾಡಿದ ಮೇಲೆಯೇ ಚಹಾ ಕುಡಿಯುವವನು ನಾನು. ಮಚ್ಛೆ ಎಂಬ ಊರಿನ ಕಾರ್ಖಾನೆಯಲ್ಲಿ ನನ್ನದು ಅಳತೆ ನೋಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸ್ಸು. ಆ ಚಟವನ್ನು ಸಂಜೆ ಮನೆಗೂ ಹೊತ್ತು ತರುತ್ತೇನೆಂದು ಹೆಂಡತಿ ಸುನಂದಾಳ ದೂರು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಸಾಲು ತಿದ್ದುವ ಗಂಡ ಯಾರಿಗೂ ಬೇಡವಂತೆ.

ಸುನಂದಾ ಖಾನಾಪುರದವಳು. ಮದುವೆಯಾದ ಹೊಸದರಲ್ಲಿ ವಡಗಾವಿಯ ಬಾಡಿಗೆ ಮನೆಗೆ ನಾನೊಂದು ಹಳೇ ಕಂಪ್ಯೂಟರ್ ತಂದಿದ್ದೆ. ಕಂಪ್ಯೂಟರೆಂದರೆ ಬರೀ ಕೀಬೋರ್ಡು. ಪರದೆಗೆ ಮನೆಯ ಕಪ್ಪು-ಬಿಳುಪು ಟಿವಿಯೇ ಗತಿ. ಬಾಜೂಮನೆಯ ಮಗ್ಗಗಳ ಸದ್ದಿನಲ್ಲಿ ಕೂತು, ಪುಸ್ತಕ ನೋಡಿ ಎಸಳುಗಳ ಅಳತೆಯ ಅಂಕಿಗಳನ್ನು ಒಂದೊಂದೇ ಸಾಲು ಟೈಪು ಮಾಡಿ, ಅವಳು ಅದರಲ್ಲಿ ಗುಂಡನೆಯ ರಂಗೋಲಿ ಮೂಡಿಸಿದಳು. ಆ ಸಾಲುಗಳನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ಉಳಿಸಿಯೂ ಇಟ್ಟಳು. ಆದರೆ ಅವಳಕ್ಕ ಶಾಂತಕ್ಕ ನೋಡಲು ಬರುವಷ್ಟರಲ್ಲಿ ಟಿವಿ ಕೆಟ್ಟು ಗುಜರಿಗೆ ಹೋಗಿತ್ತು. "ಟಿವ್ಯಾಗ ರಂಗೋಲಿ ಹಾಕಾಕ ಬರತೈತೇನವಾ? ಏನರ ಹೇಳಬ್ಯಾಡ" ಎಂದು ಅಕ್ಕ ನಕ್ಕಿದ್ದು ಇವಳಿಗೆ ಇಂದಿಗೂ ಚುಚ್ಚುತ್ತದೆ.

ಹೋದ ತಿಂಗಳು ಶಾಂತಕ್ಕ ಬರುವ ಸುದ್ದಿ ಬಂತು. "ರೀ, ಈ ಸಲ ಅಕ್ಕಗ ನನ್ನ ರಂಗೋಲಿ ತೋರಸಾಕ ಬೇಕ ನೋಡ್ರಿ" ಎಂದಳು ಸುನಂದಾ. ಅಟ್ಟದಿಂದ ಕಂಪ್ಯೂಟರ್ ಇಳಿಸಿದೆ. ಹಳೇ ಚಿತ್ರವನ್ನು ಹೊಸ ಟಿವಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆಯೊಂದನ್ನು ತರಿಸಿದೆ. ರಂಗೋಲಿ ಬಂತು, ಕುಂಬಳಕಾಯಿಯ ಹಾಗೆ ಅಡ್ಡಡ್ಡ ಊದಿಕೊಂಡು! ಪೆಟ್ಟಿಗೆಯ ಗುಂಡಿಗಳನ್ನೊತ್ತಿ ಅಗಲ ಕಡಿಮೆ ಮಾಡಿದೆ, ಚೂಪಾದ ಅಂಚುಗಳನ್ನು ಮಸುಕು ಮಾಡಿದೆ, ಹಳೇ ಟಿವಿಯ ಸಣ್ಣ ಅಡ್ಡಗೆರೆಗಳನ್ನೂ ಕೂಡಿಸಿದೆ. ಪರದೆಗೇ ಸ್ಕೇಲು ಹಚ್ಚಿ ಅಳೆದೆ. ಎಲ್ಲ ಬರೋಬ್ಬರಿ, ಬಲಗಡೆಯ ಎಸಳುಗಳು ಮಾತ್ರ ಗಿಡ್ಡ. ಪಾಪ, ಹುಡುಗಿ ಆಗ ಲೆಕ್ಕ ತಪ್ಪಿದ್ದಾಳೆ ಎಂದುಕೊಂಡು ಅವಳ ಅಂಕಿಗಳನ್ನು ಸದ್ದಿಲ್ಲದೆ ತಿದ್ದಿಬಿಟ್ಟೆ.

ಶಾಂತಕ್ಕ ಬಂದರು, ನೋಡಿದರು, ಬಾಯಿ ಮೇಲೆ ಕೈಯಿಟ್ಟುಕೊಂಡರು. "ಖರೇನ ಹಾಕೀಯಲ್ಲವಾ!" ಸುನಂದಾಳ ಮುಖ ಅರಳಿತು. ನಾನಾದರೂ ಸುಮ್ಮನಿರಬೇಕಿತ್ತು. "ಬಲಕ್ಕ ಸ್ವಲ್ಪ ತಪ್ಪಿತ್ರಿ, ನಾನ ತಿದ್ದೀನಿ" ಎಂದೆ. "ಹಂಗಾರ ಇದನ್ನ ಹಾಕಿದವರು ನೀವ ಅನ್ರಿ!" ಎಂದು ಶಾಂತಕ್ಕ ಮತ್ತೆ ನಕ್ಕರು.

ಸುನಂದಾಳ ಮುಖ ಇಳಿದುಹೋಯಿತು. "ತಪ್ಪಿರಲಿಲ್ಲರೀ," ಎಂದಳು, ಮೆಲ್ಲಗೆ. "ಆ ಹಳೇ ಟಿವಿ ಚಿತ್ರಾನ ಬಲಕ್ಕ ಜಗ್ಗತಿತ್ತು. ಅದು ಜಗ್ಗಿದಮ್ಯಾಲೆ ಸಮ ಆಗಲೆಂತ ನಾನ ಅಲ್ಲಿ ಗಿಡ್ಡ ಇಟ್ಟಿದ್ದೆ."

ನನಗೆ ನಾಚಿಕೆಯಾಯಿತು. ಹಳೇ ಟಿವಿಯ ಗೆರೆ, ಮಸುಕು ಎಲ್ಲ ತಂದಿದ್ದೆ. ಅದರ ಐಬನ್ನು ಮಾತ್ರ ಬಿಟ್ಟಿದ್ದೆ. ಕ್ಯಾಸೆಟ್ಟಿನಿಂದ ಅವಳದೇ ರಂಗೋಲಿಯನ್ನು ಮತ್ತೆ ಕರೆದು, ಪೆಟ್ಟಿಗೆಯ ಗುಂಡಿಯೊತ್ತಿ ನನ್ನ ಕೈಯಾರೆ ಚಿತ್ರವನ್ನು ಬಲಕ್ಕೆ ಜಗ್ಗಿಸಿದೆ. ಜನ್ಮದಲ್ಲಿ ಮೊದಲ ಸಲ ಬೇಕಂತಲೇ ಒಂದು ವಸ್ತುವನ್ನು ಸೊಟ್ಟ ಮಾಡಿದ್ದು. ಎಸಳುಗಳು ಗುಂಡಗೆ ಕೂತವು.

"ಸೊಟ್ಟ ಟಿವಿ ಜೋಡಿ ಅದೆಂಗ ಹೊಂದಿಸಿದಿಯವಾ?" ಎಂದರು ಶಾಂತಕ್ಕ, ಈ ಸಲ ನಗದೆ.

"ಅದೇನ ದೊಡ್ಡದಕ್ಕಾ," ಎಂದಳು ಸುನಂದಾ, ಚಹಾ ಸೋಸುತ್ತ. "ಈ ಮನ್ಯಾಗ ನನಗದು ರೂಢಿ ಆಗೇತಿ."

ನಾನು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದೆ. ನೆಟ್ಟಗೇ ಇತ್ತು. ಚಪ್ಪಲಿಗಳೂ ಸಾಲಾಗಿದ್ದವು. ಇನ್ನುಳಿದ ಸೊಟ್ಟ ಯಾವುದೆಂದು ಹುಡುಕಲು ಹೋಗದೆ, ತೆಪ್ಪಗೆ ಚಹಾ ಕುಡಿದೆ.