ಮೋಡಕ್ಕೆ ಬೈಯುವ ಹಾಡು

ಕೊಳ್ಳಲು ಹೋದವರು ಸರಕು ಎಷ್ಟೇ ಹಿಡಿಸಿದರೂ ಮುಖದಲ್ಲಿ ತೋರಿಸಬಾರದು. ಕೊಡ್ಲಿಪೇಟೆಯಲ್ಲಿ ಕಾಫಿ, ಕರಿಮೆಣಸು ಕೊಳ್ಳುತ್ತಲೇ ತಲೆ ನರೆಸಿಕೊಂಡ ನನ್ನಿಂದ ಇದೊಂದನ್ನು ಪುಕ್ಕಟೆಯಾಗಿ ಕಲಿತುಕೊಳ್ಳಿ. ಮೆಣಸು ಗುಂಡುಗುಂಡಾಗಿದ್ದರೆ "ಧೂಳು ಜಾಸ್ತಿ" ಅನ್ನಬೇಕು; ಧೂಳೇ ಇಲ್ಲದಿದ್ದರೆ "ಹಸಿ ಇದೆಯಲ್ಲ" ಅನ್ನಬೇಕು; ಒಣಗಿ ಗಲಗಲ ಅನ್ನುತ್ತಿದ್ದರೆ "ನೋಡೋಣ" ಎಂದು ಎದ್ದು ಚಪ್ಪಲಿ ಮೆಟ್ಟಬೇಕು. ಹೆಣ್ಣು ನೋಡಲು ಹೋದಾಗಲೂ ಹೀಗೇ "ನೋಡೋಣ" ಅಂದು ಬಂದಿದ್ದೆ. ಅದನ್ನು ನನ್ನ ಹೆಂಡತಿ ಇವತ್ತಿಗೂ ಮರೆತಿಲ್ಲ. ಇಂಥ ವಿದ್ಯೆ ತಂಗಿಯ ಮಗಳ ಮುಂದೆ ಕೈಕೊಟ್ಟಿತು.

ರಶ್ಮಿ ತಾನೇ ಬರೆದು, ತಾನೇ ರಾಗ ಹಾಕಿ, ಗಿಟಾರ್ ಹಿಡಿದು ಹಾಡುತ್ತಾಳೆ. ಎಂಟು ಹಾಡುಗಳ ಆಲ್ಬಂ ಸಿದ್ಧಮಾಡಿ, ಬಿಡುಗಡೆಗೆ ಮೊದಲು ನನ್ನ ಮಳಿಗೆಗೆ ಬಂದಳು. ಅವಳಂತೆಯೇ ಸ್ವಂತ ಹಾಡು ಕಟ್ಟುವ ಇನ್ನಿಬ್ಬರ ಆಲ್ಬಂಗಳನ್ನೂ ನನ್ನ ಫೋನಿಗೆ ಹಾಕಿದಳು. ಒಬ್ಬ ಮೈಸೂರಿನ ಗಡ್ಡದ ಹುಡುಗ, ಇನ್ನೊಬ್ಬಳು ಕರಾವಳಿಯವಳು. "ಮಾವ, ನಿಮ್ಗೆ ಸಂಗೀತ ಗೊತ್ತಿಲ್ಲ, ಆದ್ರೆ ಒಳ್ಳೇದು ಕೆಟ್ಟದ್ದು ಗೊತ್ತಾಗುತ್ತೆ. ಪಕ್ಕಪಕ್ಕ ಇಟ್ಟು ನೋಡಿ ಹೇಳಿ" ಅಂದಳು.

ಒಂದು ವಾರ ಜೀಪಿನಲ್ಲಿ ಬೇರೇನೂ ಹಾಕಲಿಲ್ಲ. ಗಡ್ಡದವನ ದನಿ ಚೆನ್ನ, ಆದರೆ ಎಲ್ಲ ಹಾಡಿನಲ್ಲೂ ಒಬ್ಬನೇ ಕಿಟಕಿ ಪಕ್ಕ ಕೂತು ಕೊರಗುತ್ತಾನೆ. ಎದ್ದು ಹೊರಗೆ ಹೋಗಬಾರದೇನಪ್ಪಾ ಅನ್ನಿಸುತ್ತದೆ. ಕರಾವಳಿಯವಳ ರಾಗಗಳು ಸೊಗಸು, ವಾದ್ಯಗಳ ಗದ್ದಲದಲ್ಲಿ ಮಾತೇ ಕೇಳಿಸದು. ನಮ್ಮ ಹುಡುಗಿಯದು ಅವರಷ್ಟು ನಯವಿಲ್ಲ. ಆದರೆ ಆರನೆಯ ಹಾಡಿನಲ್ಲಿ ಕಣದ ತುಂಬ ಕಾಫಿ ಒಣಹಾಕಿದ ಅಜ್ಜಿಯೊಬ್ಬಳು, "ಹೋಗತ್ಲಾಗೆ ಮೋಡವೇ, ಅರಕಲಗೂಡಿಗೆ ಹೋಗಿ ಸುರಿ" ಎಂದು ಆಕಾಶಕ್ಕೆ ಬೈಯುತ್ತಾಳೆ. ಆ ಅಜ್ಜಿ ನನ್ನ ಅವ್ವ. ಜೀಪು ನಿಲ್ಲಿಸಿ ಕನ್ನಡಕ ಒರೆಸಿಕೊಂಡೆ.

ಇಷ್ಟಾದರೂ ರಶ್ಮಿ ಎದುರಿಗೆ ಕೂತು "ಹೆಂಗಿದೆ ಮಾವ?" ಅಂದಾಗ ಬಾಯಿ ತನ್ನ ಅಭ್ಯಾಸ ಬಿಡಲಿಲ್ಲ. "ಪರವಾಗಿಲ್ಲ. ಅವರಿಬ್ಬರ ಫಿನಿಶಿಂಗ್ ಇಲ್ಲ. ಆ ಆರನೇದು ಸ್ವಲ್ಪ ಹಸಿ."

ಎರಡು ದಿನ ಬಿಟ್ಟು ತಂಗಿ ಫೋನ್ ಮಾಡಿದಳು. "ಅಣ್ಣಾ, ಅವ್ವನ ಹಾಡು ತೆಗೆದುಹಾಕ್ತಾಳಂತೆ. ನೀನೇ ಹೇಳಿದೆಯಂತಲ್ಲ! ನಾಳೆ ಆಲ್ಬಂ ಬಿಡ್ತಾಳೆ."

ಇದ್ದ ಹಾಗೇ ಎದ್ದು ಅವರ ಮನೆಗೆ ಹೋದೆ. "ಆ ಹಾಡು ಬಹಳ ಚೆನ್ನಾಗಿದೆ ಕಣಮ್ಮ. ಆ ಇಬ್ಬರದಕ್ಕಿಂತ ಮೇಲು" ಅಂದೆ.

"ಸುಮ್ನಿರಿ ಮಾವ. ಹೀಗನ್ನಿ ಅಂತ ಅಮ್ಮ ಹೇಳ್ಕೊಟ್ಟಿದ್ದಾಳೆ. ನೀವು ಹೊಗಳಿದ್ದನ್ನ ಈ ಊರಲ್ಲಿ ಯಾರಾದ್ರೂ ಕೇಳಿದ್ದಾರಾ?"

ಯಾರೂ ಕೇಳಿಲ್ಲ, ನಿಜ. ಬೇರೆ ಸಾಕ್ಷಿಯಿಲ್ಲದೆ, ನಡುಮನೆಯಲ್ಲಿ ನಿಂತು ಆರನೆಯ ಹಾಡನ್ನು ಮೊದಲಿನಿಂದ ಕೊನೆತನಕ ಹಾಡಿದೆ. ಶ್ರುತಿ ಎಲ್ಲಿತ್ತೋ, ನಾನೆಲ್ಲಿದ್ದೆನೋ. ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರಶ್ಮಿ ನಗಲಿಲ್ಲ. "ಎಲ್ಲಾ ಸಾಲೂ ಬಾಯಿಗೆ ಬಂದಿದೆಯಲ್ಲ ಮಾವ! ಎಲ್ಲಿ, ಗಡ್ಡದವನದ್ದು ಒಂದು ಹೇಳಿ?" ಅಂದಳು. ಎಷ್ಟು ತಿಣುಕಿದರೂ ಕಿಟಕಿಯೊಂದು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಅವಳು ಲ್ಯಾಪ್‌ಟಾಪ್ ತೆರೆದು ಅವ್ವನ ಹಾಡನ್ನು ಅದರ ಜಾಗಕ್ಕೆ ಸೇರಿಸಿದಳು.

ಈಗ ಹೊಸ ಹಾಡು ಕಟ್ಟಿದರೆ ಅವಳು ನನ್ನ ಅಭಿಪ್ರಾಯ ಕೇಳುವುದಿಲ್ಲ. ಹಾಡನ್ನು ನನಗೆ ಕಳಿಸಿ, ವಾರ ಬಿಟ್ಟು ನನ್ನ ಹೆಂಡತಿಗೆ ಫೋನ್ ಮಾಡಿ, "ಅತ್ತೆ, ಮಾವ ಬಚ್ಚಲಲ್ಲಿ ಏನು ಹಾಡ್ತಿದ್ದಾರೆ?" ಎಂದು ವಿಚಾರಿಸುತ್ತಾಳೆ. ನಾನೂ ಪಳಗಿದ ವ್ಯಾಪಾರಿಯೇ; ಸುಳಿವು ಸಿಗಬಾರದೆಂದು ತುಟಿ ಬಿಗಿದುಕೊಂಡೇ ಸ್ನಾನಕ್ಕೆ ಹೋಗುತ್ತೇನೆ. ಮೊದಲ ಚೊಂಬು ನೀರು ತಲೆಯ ಮೇಲೆ ಬೀಳುವ ತನಕ ತುಟಿ ಬಿಗಿಯಾಗಿಯೇ ಇರುತ್ತದೆ.