ಔಷಧಿ ಬೀರು ಬಿಟ್ಟು

ಶೋಭಾ: ನನ್ನ ಊಟದ ಡಬ್ಬಿ ತೆಗೆದಿದ್ದು ಯಾರು?

ಗುರುಬಸಮ್ಮ: ನಾನೇ ಕನವ್ವ. ಉಂಡಿಲ್ಲ, ಮುಚ್ಚಳ ತೆಗೆದೆ ಅಷ್ಟೆ.

ಶೋಭಾ: ಬಟ್ಟೆ ಬೀರು?

ಗುರುಬಸಮ್ಮ: ಅದೂ ನಾನೇ.

ಶೋಭಾ: ಕಸದ ಬಕೆಟ್ಟು?

ಗುರುಬಸಮ್ಮ: ಅದರ ಮುಚ್ಚಳ ನಿಲ್ಲಾದೇ ಇಲ್ಲ. ನಿನ್ನ ಛತ್ರಿ ಆನಿಸಿಟ್ಟಿವ್ನಿ.

ಕೇರಳದ ಗಡಿಯ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆ. ಮಂಚದ ಮೇಲೆ ಬಾವಲಿ ಊರಿನ ದಿವ್ಯಶ್ರೀ, ಚೊಚ್ಚಲ ಬಸುರಿ. ಶೋಭಾ ಅಲ್ಲಿನ ಮಲಯಾಳಿ ನರ್ಸು. ಗಡಿ ಊರುಗಳ ಬಾಣಂತಿಯರಿಂದಲೇ ಕನ್ನಡ ಕಲಿತವಳು. ಗುರುಬಸಮ್ಮ ದಿವ್ಯಶ್ರೀಯ ಪಕ್ಕದ ಮನೆಯವಳು. ಊರಲ್ಲಿ ಯಾರಿಗೆ ನೋವು ಬಂದರೂ ಕೈ ಹಿಡಿದು ಕೂರುವುದು ಅವಳೇ. ಈಗ ಆಸ್ಪತ್ರೆಯವರು ಹೆರುವವಳ ಜೊತೆ ಒಬ್ಬ ಹೆಂಗಸನ್ನು ಒಳಗೆ ಬಿಡುತ್ತಾರಾದ್ದರಿಂದ ಅವಳಿಗೊಂದು ಹಸಿರು ನಿಲುವಂಗಿಯೂ ಬ್ಯಾಡ್ಜೂ ಸಿಕ್ಕಿವೆ. ಹೆರಿಗೆ ಸಲೀಸಾಗಲೆಂದು ಮನೆಯಲ್ಲಿ ಮುಚ್ಚಿದ್ದನ್ನೆಲ್ಲ ತೆರೆದು, ಕಟ್ಟಿದ್ದನ್ನೆಲ್ಲ ಬಿಚ್ಚುವುದು ಅವಳ ಊರಿನ ಪದ್ಧತಿ. ಇಲ್ಲಿ ಮನೆ ಇಲ್ಲವಲ್ಲ, ಆಸ್ಪತ್ರೆಯನ್ನೇ ಬಿಚ್ಚತೊಡಗಿದ್ದಳು.

ಶೋಭಾ: ಅಮ್ಮೇ, ಬ್ಯಾಡ್ಜಲ್ಲಿ ಏನು ಬರೆದಿದೆ ನೋಡಿ.

ಗುರುಬಸಮ್ಮ: ಮಲಯಾಳದಲ್ಲಿ ಅದೆ. ನಾನೇನು ಕಂಡೆ?

ಶೋಭಾ: ಹೆರಿಗೆಯ ಜೊತೆಗಾತಿ ಅಂತ. ಬೆನ್ನು ನೀವಬೇಕು, ಧೈರ್ಯ ಹೇಳಬೇಕು. ಬೀರು ತೆಗೆಯೋ ಕೆಲಸ ಇಲ್ಲ.

ಗುರುಬಸಮ್ಮ: ಇದೇ ಧೈರ್ಯ ಕನವ್ವ. ಎಲ್ಲ ತೆಗೆದದೆ ಅಂತ ಗೊತ್ತಾದ್ರೆ ಹುಡುಗಿ ಮೈ ಸಡಿಲ ಬಿಡ್ತಾಳೆ.

ಶೋಭಾ: ಎಲೆ ಅಡಿಕೆ ತಂದಿಲ್ಲ ತಾನೆ? ಹೋದ ಸಲ ಯಾರೋ ಬಂದವರು ಗೋಡೆಗೆಲ್ಲ ಉಗಿದಿದ್ದರು.

ಗುರುಬಸಮ್ಮ: ಮನೇಲೇ ಬುಟ್ಟು ಬಂದೆ. ನನ್ನ ವಿಷಯ ಬುಡು. ಅಲ್ಲಿ ಬೀಗ ಹಾಕಿರೋ ಬೀರು ಒಂದು ಉಳಿದದೆ.

ಶೋಭಾ: ಅದು ಔಷಧಿ ಬೀರು. ಅದಕ್ಕೆ ಕೈ ಹಾಕಿದರೆ ನಿಮ್ಮನ್ನು ಹೊರಗೆ ಕೂರಿಸ್ತೀನಿ.

ದಿವ್ಯಶ್ರೀ: ದೊಡ್ಡವ್ವ ಹೊರಗೆ ಹೋದ್ರೆ ನಾನೂ ಹೋಯ್ತೀನಿ.

ಶೋಭಾ: ಮೋಳೆ, ನನ್ನ ಮಗಳೇ, ಹೀಗಿರೋವಾಗ ಎಲ್ಲಿಗೆ ಹೋಗ್ತೀಯ?

ದಿವ್ಯಶ್ರೀ: ಬಾವಲಿಗೆ. ಬಸ್ಸದೆ.

ಅಷ್ಟರಲ್ಲಿ ನೋವು ಬಂತು. ಅವಳು ಒಂದು ಕೈಯಲ್ಲಿ ನರ್ಸನ್ನೂ ಇನ್ನೊಂದರಲ್ಲಿ ದೊಡ್ಡವ್ವನನ್ನೂ ಹಿಡಿದುಕೊಂಡಳು. ಇಬ್ಬರೂ ಅಲ್ಲಾಡುವಂತಿರಲಿಲ್ಲ. ನೋವು ಇಳಿದ ಮೇಲೆ ಶೋಭಾ ಮಗುವಿನ ಎದೆಬಡಿತ ನೋಡಿದಳು.

ಶೋಭಾ: ಮಗು ಚೆನ್ನಾಗಿದೆ. ಇವಳೇ ಹೆದರಿ ಉಸಿರು ಬಿಗಿಹಿಡೀತಾಳೆ. ಅಮ್ಮೇ, ಔಷಧಿ ಬೀರು ಒಂದು ಬಿಟ್ಟು ಏನು ಬೇಕಾದರೂ ಬಿಚ್ಚಿ. ಇವಳು ಉಸಿರು ಬಿಡೋ ಹಾಗೆ ಮಾಡಿ.

ಗುರುಬಸಮ್ಮ ದಿವ್ಯಶ್ರೀಯ ಜಡೆ ಬಿಚ್ಚಿದಳು. ಸೊಂಟ ನೀವುತ್ತ, ಬಾಗಿಲಾಚೆ ಕೂತಿದ್ದ ಅವಳ ಗಂಡನನ್ನು ಕೂಗಿದಳು.

ಗುರುಬಸಮ್ಮ: ವಿನೋದಾ, ಬೂಟಿನ ದಾರ ಬಿಚ್ಚಪ್ಪ.

ವಿನೋದ್: ಬಿಚ್ಚಾಯ್ತು ದೊಡ್ಡವ್ವ.

ಗುರುಬಸಮ್ಮ: ಗಡಿಯಾರ? ಅಂಗಿ ಗುಂಡಿ?

ವಿನೋದ್: ಅವೂ ಆಯ್ತು. ಪ್ಯಾಂಟೂ ಬಿಚ್ಚಬೇಕಾ?

ಶೋಭಾ: ಮದಿ, ಮದಿ. ಹೊರಗೆ ಜನ ಇದ್ದಾರೆ, ಅಷ್ಟು ಸಾಕು.

ದಿವ್ಯಶ್ರೀಗೆ ನಗು ಬಂತು. ನಗುವಿನ ಜೊತೆಗೆ ಬಿಗಿಹಿಡಿದ ಉಸಿರೂ ಹೊರಬಂತು.

ಗುರುಬಸಮ್ಮ: ಹಂಗೇ ಬುಡು ಮಗ. ಸಿಸ್ಟ್ರವ್ವ, ಈಗ ಮುಕ್ಕಿ ತಳ್ಳಬೈದಾ?

ಶೋಭಾ: ನಾನು ಹೇಳ್ತೀನಿ. ನೀವು ಬೆನ್ನು ಬಿಡಬೇಡಿ.

ಆಮೇಲೆ ಜಗಳಕ್ಕೆ ಪುರುಸೊತ್ತಿರಲಿಲ್ಲ. ಒಬ್ಬಳು ಮುಕ್ಕು ಎಂದಳು, ಇನ್ನೊಬ್ಬಳು ಬೆನ್ನಿಗೆ ಆನಿಕೆಯಾದಳು. ಕೊನೆಗೆ ಹೆಣ್ಣುಮಗು ಅತ್ತಿತು. ಶೋಭಾ ಅದನ್ನು ತಾಯಿಯ ಎದೆಯ ಮೇಲಿಟ್ಟಳು. ಎಷ್ಟು ಹೆರಿಗೆ ಕಂಡವಳಾದರೂ ಗುರುಬಸಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ. ಕಣ್ಣೊರೆಸಲು ನಿಲುವಂಗಿ ಸರಿಸಿ ಸೆರಗು ಎಳೆದಳು.

ಶೋಭಾ: ಅಮ್ಮೇ, ಸೊಂಟದಲ್ಲಿ ಏನದು?

ಗುರುಬಸಮ್ಮ: ಯಾವುದು? ಇದಾ? ಚೀಲ.

ಶೋಭಾ: ಎಲೆ ಅಡಿಕೆ ಚೀಲ. ಮನೆಯಲ್ಲಿ ಬಿಟ್ಟು ಬಂದಿದ್ದು.

ಗುರುಬಸಮ್ಮ: ಬುಡಬೇಕು ಅಂತಲೇ ಇದ್ದೆ.

ದಿವ್ಯಶ್ರೀ: ಗಂಟು ಹಾಕಿದ್ದೆಯಾ ದೊಡ್ಡವ್ವ?

ಗುರುಬಸಮ್ಮ: ಬಿದ್ದುಹೋದಾತು ಅಂತ ಒಂಚೂರು ಬಿಗಿಯಾಗೇ ಹಾಕಿದ್ದೆ.

ದಿವ್ಯಶ್ರೀ: ಆಸ್ಪತ್ರೆ ಕಸದ ಬಕೆಟ್ಟೂ ತೆಗೆದೆ. ನಾನು ಇಷ್ಟೊತ್ತು ಒದ್ದಾಡಿದ್ದು ನಿನ್ನ ಎಲೆ ಅಡಿಕೆಗಾ?

ಗುರುಬಸಮ್ಮ ಚೀಲದ ಮೇಲೆ ಸೆರಗು ಎಳೆದುಕೊಂಡಳು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಇನ್ನೊಬ್ಬಳು ಚೀರಿದಳು. ಶೋಭಾ ಹೋಗಿ ನೋಡಿ ಬಂದಳು.

ಶೋಭಾ: ಅವಳ ಜೊತೆ ಯಾರೂ ಇಲ್ಲ. ತುಂಬಾ ಹೆದರಿದ್ದಾಳೆ. ಬನ್ನಿ ಅಮ್ಮೇ.

ಗುರುಬಸಮ್ಮ: ಹೊರಗೆ ಕೂರಿಸ್ತೀನಿ ಅಂದಿದ್ದೆ?

ಶೋಭಾ: ಈಗ ಒಳಗೆ ಬನ್ನಿ ಅಂತಿದ್ದೀನಿ. ಮೊದಲು ಆ ಚೀಲ ಬಿಚ್ಚಿ ಕೊಡಿ.

ಗುರುಬಸಮ್ಮ ಒಲ್ಲದ ಮನಸ್ಸಿನಿಂದ ಬಿಚ್ಚಿ ಕೊಟ್ಟಳು.

ಗುರುಬಸಮ್ಮ: ಎಲ್ಲಿಟ್ಟೀಯೆ ತಾಯಿ?

ಶೋಭಾ: ಔಷಧಿ ಬೀರುವಿನಲ್ಲಿ. ಬೀಗ ಹಾಕಿ. ಆ ಮಗು ಹೊರಗೆ ಬಂದ ಮೇಲೆ ತೆಗೀತೀನಿ.