ಭಾವನಿಗೆ ನಾನು ಕೊಟ್ಟ ಬಲಗೈ

ಉಪಕಾರ ಮಾಡಲು ಹೊರಟ ಮನುಷ್ಯನ ನಡಿಗೆಯೇ ಬೇರೆ. ಕತ್ತು ಸ್ವಲ್ಪ ಬಾಗಿರುತ್ತದೆ, ಮುಖದ ಮೇಲೆ ತೆಳ್ಳಗೆ ಒಂದು ದುಃಖವಿರುತ್ತದೆ, ಯಾರಾದರೂ 'ಎಲ್ಲಿಗೆ?' ಎಂದು ಕೇಳಲಿ ಎಂಬ ಆಸೆಯೂ ಇರುತ್ತದೆ. ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ ಸುಮಾರು ಎಂಟು ತಿಂಗಳು ಪ್ರತಿ ಭಾನುವಾರ ನಾನು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ನಿಂತಿರುತ್ತಿದ್ದೆ. ಕೇಳಿದವರಿಗೆಲ್ಲ "ಸೊರಬಕ್ಕೆ ರೀ, ನಮ್ಮ ಭಾವನಿಗೆ ಮೈ ಸರಿಯಿಲ್ಲ" ಎನ್ನುತ್ತಿದ್ದೆ. ಕೇಳದವರಿಗೂ ಒಮ್ಮೊಮ್ಮೆ ಹೇಳಿದ್ದುಂಟು.

ಭಾವ ಎಂದರೆ ನನ್ನ ಹೆಂಡತಿ ಶಾರದೆಯ ಅಣ್ಣ, ಚನ್ನಬಸಪ್ಪ. ಮಿಲಿಟರಿ ಬ್ಯಾಂಡಿನಲ್ಲಿದ್ದವರು. ನಿವೃತ್ತರಾಗಿ ಸೊರಬಕ್ಕೆ ಬರುವಾಗ, ಎದೆಗೆ ಕಟ್ಟಿಕೊಂಡು ನಡುವಿನ ತಿದಿ ಹಿಗ್ಗಿಸಿ ಕುಗ್ಗಿಸಿ ಬಾರಿಸುವ ಅಕಾರ್ಡಿಯನ್ ಒಂದನ್ನು ತಂದಿದ್ದರು. ಅದಕ್ಕೆ ಹಾರ್ಮೋನಿಯಂ ಹಾಗೆ ಕಪ್ಪು ಬಿಳಿ ಮನೆಗಳಿರಲಿಲ್ಲ. ಎರಡು ಕಡೆಯೂ ಬರೀ ಗುಂಡಿಗಳು. ಸಂಜೆ ಅವರು ಜಗಲಿಯಲ್ಲಿ ಅದನ್ನು ಎದೆಗೇರಿಸಿದರೆ ಬೀದಿಯವರು ಕೆಲಸ ಬಿಟ್ಟು ಕೇಳುತ್ತಿದ್ದರು. ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಭಾವ ಗೋಡೆಗೆ ಮುಖ ಮಾಡಿ ಮಲಗಿದರು. ಮೂರು ವಾರ ಆದಮೇಲೆ ಆಡಿದ ಮೊದಲ ಮಾತು, "ಆ ಪೆಟ್ಟಿಗೆ ಯಾರಿಗಾದ್ರೂ ಕೊಟ್ಬಿಡಿ."

ಸುದ್ದಿ ಕೇಳಿ ಶಾರದೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ನೀವು ಸ್ಕೂಲಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ಬಾರಿಸ್ತೀರಲ್ಲ, ಹೋಗಿ ಅಣ್ಣನ ಹತ್ರ ಅದನ್ನ ಕಲೀರಿ. ಕಲಿಸೋ ನೆಪಕ್ಕಾದ್ರೂ ಎದ್ದು ಕೂತಾನು" ಎಂದಳು. ಹೀಗೆ ನಾನು ಔಷಧಿಯಾದೆ.

ಔಷಧಿ ಕೆಲಸ ಮಾಡಿತು, ಏಕೆಂದರೆ ನನ್ನ ತಪ್ಪುಗಳನ್ನು ಕೇಳಿಕೊಂಡು ಯಾರಿಗೂ ಮಲಗಿರಲು ಸಾಧ್ಯವಿರಲಿಲ್ಲ. ಬಲಗಡೆ ಓರೆಯಾಗಿ ಮೂರು ಸಾಲು ಗುಂಡಿ. ಒಂದು ಸ್ವರಸ್ಥಾನ ಮೊದಲ ಸಾಲಿನಲ್ಲಿ, ಮುಂದಿನದು ಎರಡನೆಯದರಲ್ಲಿ, ಅದರ ಮುಂದಿನದು ಮೂರನೆಯದರಲ್ಲಿ. ನಾಲ್ಕನೆಯದಕ್ಕೆ ಮತ್ತೆ ಮೊದಲ ಸಾಲಿಗೆ ಓಡಬೇಕು. ಅದನ್ನು ಹೇಗೋ ಹಿಡಿದೆ. ಎಡಗಡೆಯದು ಬೇರೆಯೇ ಲೋಕ. ಒಂದು ಸಾಲಿನ ಗುಂಡಿ ಒತ್ತಿದರೆ ಒಂದೇ ಮಂದ್ರಸ್ವರ. ಅದರಾಚೆಯ ಸಾಲುಗಳಲ್ಲಿ ಒಂದೇ ಗುಂಡಿಗೆ ಮೂರು ಸ್ವರ ಒಟ್ಟಿಗೆ ಮಾತಾಡುತ್ತವೆ. ಸಾಲದ್ದಕ್ಕೆ ಷಡ್ಜದ ಪಕ್ಕ ಪಂಚಮ!

"ಭಾವ, ರಿ ಎಲ್ಲಿ?"

"ಪ ದಾಟಿದ ಮೇಲೆ."

"ಇದ್ಯಾವ ನ್ಯಾಯ ರೀ? ಸ ಆದ್ಮೇಲೆ ರಿ ಅಲ್ವಾ?"

"ಮೇಷ್ಟ್ರೇ, ಇದು ನಿಮ್ಮ ಮಗ್ಗಿ ಅಲ್ಲ. ನಾನೂ ಮೊದಲು ಕಲಿತ ಪೆಟ್ಟಿಗೇಲಿ ಬಲಗಡೆ ಸಾಲು ಇದಕ್ಕೆ ಪೂರಾ ಉಲ್ಟಾ ಇತ್ತು. ರೆಜಿಮೆಂಟ್ ಬದಲಾಯ್ತು, ಪೆಟ್ಟಿಗೆ ಬದಲಾಯ್ತು. ಹಳೇದನ್ನ ಬೆರಳಿಂದ ಬಿಡಿಸೋಕೆ ಆರು ತಿಂಗಳು ಬೇಕಾಯ್ತು."

ಇಷ್ಟು ವರ್ಷ ಹಾರ್ಮೋನಿಯಂಗೆ ಗಾಳಿ ಹಾಕಿದ್ದಷ್ಟೇ ನನ್ನ ಎಡಗೈಯ ಸಂಗೀತ. ಅದಕ್ಕೆ ಅಕ್ಷರಾಭ್ಯಾಸವೇ ಆಗಿರಲಿಲ್ಲ. ಕೊನೆಗೆ ಭಾವನೇ ತಾಳ್ಮೆಗೆಟ್ಟು ನನ್ನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ತಮ್ಮ ಎಡಗೈಯನ್ನು ಪೆಟ್ಟಿಗೆಯ ಎಡಗಡೆಯ ಪಟ್ಟಿಯೊಳಗೆ ತೂರಿಸಿ ತಿದಿ ಎಳೆದರು. ಬಲಗಡೆ ನಾನು, ಎಡಗಡೆ ಅವರು. ಅವತ್ತು ಒಂದು ಹಾಡು ಮೊದಲಿಂದ ಕೊನೆಯವರೆಗೆ ಬಂತು. ಅವರ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ನಾನು ಇಲ್ಲದಿದ್ದರೆ ಈ ಪೆಟ್ಟಿಗೆ ಮೂಕವಾಗುತ್ತಿತ್ತಲ್ಲ ಎಂದುಕೊಂಡು ಬಸ್ಸಿನಲ್ಲಿ ಶಿರಾಳಕೊಪ್ಪದವರೆಗೂ ಕಣ್ಣು ಒದ್ದೆಯಾಗಿಯೇ ಇತ್ತು.

ಹೀಗಿರುವಾಗ ಒಂದು ಬುಧವಾರ ಶಾಲೆಯ ಕಾಗದಪತ್ರ ತಲುಪಿಸಲು ಸೊರಬಕ್ಕೆ ಹೋಗಬೇಕಾಯಿತು. ಕೆಲಸ ಮುಗಿಸಿ ಭಾವನ ಮನೆಯತ್ತ ತಿರುಗಿದೆ. ಬೀದಿಯ ತುದಿಗೇ ಅಕಾರ್ಡಿಯನ್ ಕೇಳಿಸಿತು. ನಾನು ಬಾರಿಸುತ್ತಿದ್ದುದಕ್ಕಿಂತ ಬಹಳ ಚೆನ್ನಾಗಿತ್ತು. ಒಳಗೆ ಇಣುಕಿದೆ. ಭಾವ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ತೊಡೆಯ ಮೇಲಿಟ್ಟುಕೊಂಡಿದ್ದರು. ಹಾಗಾಗಿ ಬಲಗಡೆಯ ಗುಂಡಿಗಳು ಅವರ ಎಡಗೈಗೆ ಬಂದಿದ್ದವು. ಇನ್ನೊಂದು ತುದಿಯಲ್ಲಿ ಅವರ ಹೆಂಡತಿ ಪಾರ್ವತಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಿದಿ ಎಳೆಯುತ್ತ ಮಂದ್ರದ ಗುಂಡಿಗಳನ್ನು ಒತ್ತುತ್ತಿದ್ದರು. ನೋಡದೆಯೇ ಒತ್ತುತ್ತಿದ್ದರು.

ನನ್ನನ್ನು ಕಂಡು ಇಬ್ಬರೂ ಕದ್ದು ಸಿಕ್ಕಿಬಿದ್ದವರ ಹಾಗೆ ನಿಲ್ಲಿಸಿದರು.

"ಅಕ್ಕಾ, ಇದು ಯಾವಾಗ ಕಲಿತ್ರಿ?"

"ಎರಡು ತಿಂಗಳಾಯ್ತೇನೋ. ಸ ಪಕ್ಕ ಪ ಅಂದ್ರು, ಹೂಂ ಅಂದೆ. ನನಗೇನು ಮುಂಚೆ ಬೇರೆ ಗೊತ್ತಿತ್ತಾ ರೀ, ಕಷ್ಟ ಆಗೋಕೆ?"

ಭಾವ ನೆಲ ನೋಡುತ್ತಿದ್ದರು. ಅವರ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು, ಆದರೆ ಮುಖದಲ್ಲಿ ಹಳೆಯ ಹವಾಲ್ದಾರನ ಕಳೆ ಬಂದಿತ್ತು. ನನಗೆ ಸಂತೋಷವಾಯಿತು ಎಂದೇ ಹೇಳಬೇಕು. ಆಯಿತು ಕೂಡ. ಆದರೆ ಅದು ಬರುವ ದಾರಿಯಲ್ಲಿ ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ತಂಗಿತು.

ಮನೆಗೆ ಬಂದು ಶಾರದೆಗೆ, "ಇನ್ನು ಭಾನುವಾರ ನಾನು ಹೋಗಬೇಕಾಗಿಲ್ಲ ಅನ್ಸುತ್ತೆ" ಎಂದೆ.

ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಅಣ್ಣ ಯುಗಾದಿಗೆ ಬಂದಾಗಲೇ ಹೇಳಿದ್ದ. 'ಪಾಪ, ಮೇಷ್ಟ್ರು ಅಷ್ಟು ದೂರದಿಂದ ಆಸೆಪಟ್ಟು ಬರ್ತಾರೆ. ನಾನೇ ಬಾರಿಸ್ಕೋತೀನಿ ಅಂದ್ರೆ ನೊಂದ್ಕೋತಾರೆ, ಗೊತ್ತಾಗೋದು ಬೇಡ' ಅಂದ."

ಮುಂದಿನ ಭಾನುವಾರವೂ ಬಸ್ಸು ಹತ್ತಿದೆ. ಎಲ್ಲಿಗೆ ಎಂದು ಕೇಳಿದವರಿಗೆ ಉತ್ತರ ಹೇಳಲು ಸ್ವಲ್ಪ ತಡವರಿಸಿದೆ. ಸೊರಬದಲ್ಲಿ ಈ ಸಲ ಮಂದ್ರದ ಗುಂಡಿಗಳ ಪಾಠಕ್ಕೆ ಪಾರ್ವತಕ್ಕನ ಮುಂದೆ ಕೂತೆ, ಅವರ ಪದ್ಧತಿಯಂತೆ ಪೆಟ್ಟಿಗೆ ತಲೆಕೆಳಗಾಗಿಯೇ. ಮೂರನೆಯ ವಾರ ಅವರು ನನ್ನ ಬೆರಳು ಹಿಡಿದು ಸರಿಯಾದ ಗುಂಡಿಯ ಮೇಲಿಟ್ಟು, ಭಾವನ ಕಡೆ ತಿರುಗಿ ಹೇಳಿದರು: "ಪರವಾಗಿಲ್ಲ ರೀ, ಇವರೂ ಕಲೀತಾರೆ. ಹೊತ್ತು ಹಿಡಿಯುತ್ತೆ ಅಷ್ಟೆ."